ಡಾಕ್ಟರಮ್ಮ ಬರೆದಿಟ್ಟ ಕಾರ್ಡು

ಮೊನ್ನೆ ಸಾಗರದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಗೆಂದು ಕೂತಿದ್ದೆ. ನರ್ಸ್ ಹುಡುಗಿ ಕಂಪ್ಯೂಟರ್ ನೋಡಿ, "ಎಡಗೈ ಬೇಡ ಅಲ್ವಾ ಅಮ್ಮಾ? ಆ ಕಡೆ ಆಪರೇಷನ್ ಆಗಿದೆ" ಎನ್ನುತ್ತ ಬಲಗೈಗೆ ಸ್ಪಿರಿಟ್ ಹತ್ತಿ ಒತ್ತಿದಳು. ಅದರ ಘಾಟು ಮೂಗಿಗೆ ತಾಗಿದ್ದೇ ತಡ, ಹೊಸನಗರದ ಡಾಕ್ಟರಮ್ಮ ಕಣ್ಣೆದುರು ಬಂದು ನಿಂತರು...

ಎಪ್ಪತ್ತರ ದಶಕದ ಕೊನೆ. ನಾನಾಗ ಹೊಸನಗರದಲ್ಲಿ ಶಾಲಾ ಟೀಚರು. ಎದೆಯ ಕ್ಯಾನ್ಸರಿಗೆ ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದೆ. ಮನೆಗೆ ಬಂದವರೆಲ್ಲ ಕೊನೆಯ ಸಲ ಎಂಬಂತೆ ನನ್ನನ್ನು ನೋಡಿ ಹೋಗುತ್ತಿದ್ದರು. ಚಿಕ್ಕವಳಾಗಿದ್ದ ಮಗಳಿಗೆ ನಮ್ಮತ್ತೆ ಆಗಲೇ ಅನ್ನ ಬಸಿಯುವುದನ್ನು ಕಲಿಸತೊಡಗಿದ್ದರು.

ಹೊಲಿಗೆ ತೋರಿಸಲು ಊರಿನ ಸರ್ಕಾರಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಬೆಂಗಳೂರಿನ ಕಾಗದಗಳನ್ನೆಲ್ಲ ಓದಿ, ದಪ್ಪನೆಯ ಕಾರ್ಡೊಂದರ ಮೇಲೆ ಬರೆದುಕೊಳ್ಳುತ್ತಾ ಹೋದರು.

"ಎಷ್ಟು ದಿನ ಇರ್ತೀನಿ ಡಾಕ್ಟ್ರೇ?" ಎಂದು ಕೇಳಿಯೇಬಿಟ್ಟೆ.

"ಅದು ನಂಗೂ ಗೊತ್ತಿಲ್ಲ. ಇರೋಷ್ಟು ದಿನ ತಿಂಗಳಿಗೊಂದ್ಸಲ ಇಲ್ಲಿಗೆ ಬನ್ನಿ. ಅದಿರ್ಲಿ, ಶಾಲೆಗೆ ಯಾವಾಗಿಂದ ಹೋಗ್ತೀರಿ?"

ಶಾಲೆಯ ಮಾತೆತ್ತಿದವರು ಅವರೊಬ್ಬರೇ. ಮುಂದಿನ ವಾರವೇ ಪಾಠಕ್ಕೆ ನಿಂತೆ.

ಪ್ರತಿ ತಿಂಗಳೂ ಹೋಗುತ್ತಿದ್ದೆ. ಕೈ ಊದಿದೆಯೇ, ನಿದ್ದೆ ಬರುತ್ತದೆಯೇ, ಮನೆಯಲ್ಲಿ ಭಾರ ಎತ್ತುವವರು ಯಾರು... ಎಲ್ಲವನ್ನೂ ಕೇಳಿ ಬರೆಯುತ್ತಿದ್ದರು. ಒಂದು ಸಲ ಕಂಕುಳನ್ನು ಒತ್ತಿ ನೋಡುತ್ತಿದ್ದವರ ಬೆರಳು ಅಲ್ಲೇ ನಿಂತಿತು. ಕಾರ್ಡು ತಿರುಗಿಸಿ ಓದಿದರು.

"ಹೋದ್ಸಲ ಈ ಗಂಟು ಇರ್ಲಿಲ್ಲ. ನಾಳೇನೇ ಬೆಂಗಳೂರಿಗೆ ಹೋಗ್ಬೇಕು."

"ಇನ್ನೊಂದ್ಸಲ ನನ್ನ ಕೈಲಾಗಲ್ಲ ಡಾಕ್ಟ್ರೇ" ಎಂದು ಅತ್ತುಬಿಟ್ಟೆ.

ಅವರು ಸಮಾಧಾನದ ಸುಳ್ಳು ಹೇಳಲಿಲ್ಲ. "ಹೆದ್ರಿಕೆ ಆಗತ್ತೆ, ಆಗ್ಲಿ. ಹೆದರ್ಕೊಂಡೇ ಹೋಗ್ಬನ್ನಿ."

ಹೋದೆ. ಗಂಟು ಇನ್ನೂ ಚಿಕ್ಕದಿತ್ತು, ತೆಗೆದರು. ಉಳಿದೆ.

ಆಮೇಲೆ ಅವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಅವರೊಂದಿಗೆ ನನ್ನ ಕಾರ್ಡೂ ಅಲ್ಲಿಗೆ ಹೋಯಿತು. ಬಸ್ಸು ಹಿಡಿದು ನಾನೂ ಹೋಗುತ್ತಿದ್ದೆ. ಹೀಗೆಯೇ ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಹೋದರೆ ಅವರ ಕೋಣೆಯ ಮುಂದೆ ಜನರೇ ಇಲ್ಲ. ಕಾಂಪೌಂಡರ್ ತಲೆ ತಗ್ಗಿಸಿಕೊಂಡು ಹೇಳಿದ: "ಹಾರ್ಟ್ ಅಟ್ಯಾಕ್ ಆಯ್ತು ಟೀಚರೇ. ಹೋದ ವಾರ..."

ವಾಪಸು ಹೊರಟು ಆಸ್ಪತ್ರೆಯ ಬಾಗಿಲ ತನಕ ಬಂದಿದ್ದೆ. ಒಳಗಿನಿಂದ ಎಂದೂ ಕಂಡಿರದ ಯುವ ಡಾಕ್ಟರೊಬ್ಬರು ಕರೆದರು. ಅವರ ಕೈಯಲ್ಲಿ ನನ್ನ ಕಾರ್ಡಿತ್ತು.

"ಬನ್ನಿ ಟೀಚರೇ, ಕೂತ್ಕೊಳ್ಳಿ. ಕಂಕುಳು ನೋಡ್ಬೇಕು. ಈಗ್ಲೂ ನೀರು ಸೇದೋದು ಮಗಳೇ ತಾನೆ? ನಿಮ್ಮನ್ನ ಸೇದೋಕೆ ಬಿಡಬಾರ್ದು ಅಂತ ಮೇಡಂ ಇಲ್ಲಿ ಬರ್ದಿದಾರೆ."

ಅಲ್ಲೇ ಕೂತು ಅಳತೊಡಗಿದೆ. ಕ್ಯಾನ್ಸರ್ ಎಂದು ತಿಳಿದ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಆ ಡಾಕ್ಟರು ಅವಸರಪಡಿಸದೆ ನಾನು ಸುಧಾರಿಸಿಕೊಳ್ಳುವ ತನಕ ಕಾದರು.

ಮೊನ್ನೆ ರಕ್ತ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತೆ. ಡಾಕ್ಟರಮ್ಮನ ಒಂದು ಫೋಟೋ ಕೂಡ ನನ್ನಲ್ಲಿಲ್ಲ, ಮುಖ ಮಸುಕಾಗುತ್ತಿದೆ. ತೀರಿಹೋದಾಗ ಅವರಿಗೆ ಐವತ್ತೂ ತುಂಬಿರಲಿಲ್ಲ. ಅವರು ಕಾಣದ ಮುಪ್ಪನ್ನು ನಾನು ಬದುಕುತ್ತಿದ್ದೇನೆ.