ಕಿವಿಯಕ್ಕ ಗುಂಯ್ ಶಬ್ದವನ್ನು ಹಿಡಿದ ಮಧ್ಯಾಹ್ನ

ಆ ಬೀದಿಯಲ್ಲಿ ಯಾರ ಮನೆಯ ಹೊಲಿಗೆ ಮಷೀನ್ ಕೆಟ್ಟರೂ ಅದನ್ನು ಹೊತ್ತುಕೊಂಡು ಓಡುವ ಪದ್ಧತಿ ಇರಲಿಲ್ಲ. ಮೊದಲು ಫೋನ್. “ಕಿವಿಯಕ್ಕಾ, ಇದೊಂದು ಸ್ವಲ್ಪ ಕೇಳಿ” ಎಂದು ಫೋನನ್ನು ಮಷೀನಿನ ಪಕ್ಕ ಇಟ್ಟು ನಾಲ್ಕು ಗೆರೆ ಹೊಲಿಯುತ್ತಿದ್ದರು. ಕಿವಿಯಕ್ಕ ಕಣ್ಣು ಮುಚ್ಚಿ ಕೇಳಿ, “ಬಾಬಿನ್ ಕೆಳಗೆ ದಾರದ ಚೂರು ಸಿಕ್ಕಿಕೊಂಡಿದೆ, ಎಳೆದು ಬಿಸಾಕು” ಅಂತಲೋ, “ಅದು ಎಣ್ಣೆ ಕೇಳ್ತಿದೆ ಕಣೇ, ನಿಂಗೆ ಮಾತ್ರ ಹೊತ್ತು ಹೊತ್ತಿಗೆ ಚಹಾ ಬೇಕು, ಅದಕ್ಕೇನೂ ಬೇಡ್ವಾ?” ಅಂತಲೋ ಹೇಳಿ ಇಟ್ಟುಬಿಡುತ್ತಿದ್ದಳು. ಹತ್ತರಲ್ಲಿ ಎಂಟು ಮಷೀನ್ ಮನೆ ಬಿಟ್ಟು ಕದಲದೆಯೇ ವಾಸಿಯಾಗುತ್ತಿದ್ದವು. ಉಳಿದೆರಡು ಮಾತ್ರ ಅವಳ ಅಂಗಡಿಗೆ ಬರುತ್ತಿದ್ದವು.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಹದಿನಾರಕ್ಕೆ ಬಟ್ಟೆ ಕಾರ್ಖಾನೆ ಸೇರಿದಳು. ಇನ್ನೂರು ಮಷೀನುಗಳು ಒಟ್ಟಿಗೆ ಕಿರುಚುವ ಆ ಹಾಲ್‌ನಲ್ಲಿ ಕಾಲರ್ ಹೊಲಿಯುತ್ತಾ ಕೂತಿದ್ದವಳು ಒಂದು ದಿನ ಮೆಕ್ಯಾನಿಕ್‌ನನ್ನು ಕರೆದು, “ಅಣ್ಣಾ, ಆ ಹನ್ನೊಂದನೆಯದು ಊಟದ ಹೊತ್ತಿಗೆ ನಿಂತುಹೋಗತ್ತೆ” ಅಂದಳು. ಅವನು ನಕ್ಕ. ಅದು ಊಟಕ್ಕೆ ಐದು ನಿಮಿಷ ಇರುವಾಗ ನಿಂತಿತು. ಮುಂದಿನ ವಾರ ಸ್ಕ್ರೂಡ್ರೈವರ್ ಅವಳ ಕೈಗೆ ಬಂತು. ಅದೇ ಉದ್ದನೆಯ ಮರದ ಹಿಡಿಯ ಸ್ಕ್ರೂಡ್ರೈವರ್ ಇವತ್ತಿಗೂ ಇದೆ. ತುದಿ ಮಷೀನಿಗೆ, ಹಿಡಿ ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡರೆ ಒಳಗಿನ ದೂರೆಲ್ಲ ಹೊರಗೆ ಬರುತ್ತದೆ.

ಇಂಥವಳಿಗೆ ಸಿಕ್ಕ ಗಂಡ ಎಂಥವರು? ಮೂವತ್ತೈದು ವರ್ಷ ಬಸ್ ನಿಲ್ದಾಣದಲ್ಲಿ ಬಸ್ಸುಗಳ ವೇಳೆ ಕೂಗಿದವರು. ಬೀದಿಯವರ ಬಾಯಲ್ಲಿ ಅವರು ಗಂಟಲಣ್ಣ. ತಲೆಯ ಮೇಲೇ ಧ್ವನಿವರ್ಧಕ ಇಟ್ಟುಕೊಂಡು ದುಡಿದದ್ದಕ್ಕೆ ಕಿವಿ ಅರ್ಧ ಹೋಗಿತ್ತು, ಗಂಟಲು ಮಾತ್ರ ಪೂರ್ತಿ ಉಳಿದಿತ್ತು. ಉಪ್ಪು ಬೇಕಾದರೂ, “ಉಪ್ಪು! ಉಪ್ಪು ಎರಡನೇ ಅಂಕಣಕ್ಕೆ!” ಎನ್ನುವ ಗತ್ತು.

ಈ ಗದ್ದಲದ ಮನೆಗೆ ಬಂದ ಸೊಸೆಯದು ಬಿಡಿಸಿದ ಹತ್ತಿಯಂಥ ಮೆತ್ತನೆಯ ದನಿ. ಮಗ ಬೇಕರಿ ಕೆಲಸದವನು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಇಡೀ ದಿನ ಅವಳ ಮಾತು ಮಾವನ ಮಾತಿನಡಿ ಸಿಕ್ಕಿ ನಲುಗುತ್ತಿತ್ತು. ಅಂಗಡಿಯ ಗಿರಾಕಿಗಳಂತೂ ಅವಳಿಗೆ ಮಾತೇ ಬರುವುದಿಲ್ಲ ಎಂದುಕೊಂಡಿದ್ದರು. ಹೀಗಿರುವಾಗ ಗ್ರಂಥಾಲಯದವರು ಕಣ್ಣು ಕಾಣದ ಮಕ್ಕಳಿಗಾಗಿ ಪುಸ್ತಕ ಓದಿ ರೆಕಾರ್ಡ್ ಮಾಡಿಕೊಡುವವರು ಬೇಕು ಎಂದು ಕೇಳಿದರು. ಸೊಸೆ ಯಾರಿಗೂ ಹೇಳದೆ ಹೋಗಿ ಎರಡು ಸಾಲು ಓದಿ ಬಂದಳು. “ಇಂಥ ದನಿಯನ್ನೇ ಹುಡುಕ್ತಿದ್ವಿ” ಅಂದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಅವಳ ಮುಖ ನೋಡಿದ ಕಿವಿಯಕ್ಕ, ಇದು ತಪ್ಪಿಹೋಗಬಾರದು ಎಂದು ಆಗಲೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಳು.

ಗ್ರಂಥಾಲಯದ ಕಂಪ್ಯೂಟರ್ ನೋಡಿಕೊಳ್ಳುವ ಮೇಷ್ಟ್ರು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಒಂದು ಮೈಕು, ಎರಡು ಹೆಡ್‌ಫೋನು, ಎರಡನ್ನೂ ಒಟ್ಟಿಗೆ ಸಿಕ್ಕಿಸಲು ಒಂದು ಕವಲು ಪಿನ್ನು ಕೊಟ್ಟು ಕಳಿಸಿದರು. ಮಾದರಿಯಾಗಿ ಒಂದು ಪಾಠ ಓದಿ ಕಳಿಸಬೇಕು. ಸೊಸೆ ಕಳಿಸಿದಳು. “ದನಿ ಚಿನ್ನ, ಹಿಂದೆ ಏನೋ ಸದ್ದು” ಎಂದು ವಾಪಸ್ಸು ಬಂತು. ಮತ್ತೆ ಕಳಿಸಿದಳು, ಮತ್ತೆ ವಾಪಸ್ಸು. ಮೂರನೆಯದೇ ಕೊನೆ, ಅದು ಗುರುವಾರ ಸಂಜೆ ಐದರೊಳಗೆ ತಲುಪಬೇಕು, ಇಲ್ಲದಿದ್ದರೆ ಕೆಲಸ ಇನ್ನೊಬ್ಬರಿಗೆ.

ಗುರುವಾರ ಮಧ್ಯಾಹ್ನ ಎರಡಕ್ಕೆ ಅಂಗಡಿಯ ಬಾಗಿಲು ಎಳೆದಾಯಿತು. ಕಂಪ್ಯೂಟರನ್ನು ಅಂಗಡಿಯ ಹಿಂದಿನ ಕೋಣೆಯಲ್ಲೇ ಇಟ್ಟಿದ್ದರು. ಸುತ್ತ ಬಟ್ಟೆಯ ಥಾನುಗಳೂ ಹಳೆಯ ಹೊದಿಕೆಗಳೂ ಇದ್ದದ್ದರಿಂದ ದನಿ ಗೋಡೆಗೆ ಬಡಿದು ವಾಪಸ್ಸು ಬರುತ್ತಿರಲಿಲ್ಲ. ಫ್ಯಾನ್ ಆರಿಸಿದರು. ಗಡಿಯಾರವನ್ನು ಹೊದಿಕೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಮಲಗಿಸಿದರು. ಪಕ್ಕದ ಚಮ್ಮಾರ ಕೂಡ, “ಅಕ್ಕನ ಸೊಸೆಗಾಗಿ” ಎಂದು ಸುತ್ತಿಗೆ ಕೆಳಗಿಟ್ಟು ಬೀಡಿ ಹಚ್ಚಿದ.

“ನಾನೇನು ಮಾಡಲಿ?” ಎಂದು ಗಂಟಲಣ್ಣ ಪಿಸುಗುಟ್ಟಿದರು. ಆ ಪಿಸುಮಾತಿಗೆ ಚಮ್ಮಾರ ಆಚೆಯಿಂದ, “ಸುಮ್ನಿರಿ ಅಣ್ಣ!” ಎಂದು ಉತ್ತರ ಕೊಟ್ಟ.

“ರೀ, ನೀವು ಚಪ್ಪಲಿ ಬಿಟ್ಟು ಅಲ್ಲಿ ಸ್ಟೂಲ್ ಮೇಲೆ ಕೂತ್ಕೊಳ್ಳಿ. ಉಸಿರಾಡ್ಬಹುದು, ಅಷ್ಟೇ” ಅಂದಳು ಕಿವಿಯಕ್ಕ.

ಅವರು ಮೂಲೆಯಲ್ಲಿದ್ದ, ರಿಪೇರಿಗೆ ಬಂದ ಮಷೀನಿನ ಮುಂದಿನ ಸ್ಟೂಲಿನಲ್ಲಿ ಫೋಟೋಗೆ ಕೂತಂತೆ ಕೂತರು.

ಅತ್ತೆ ಸೊಸೆ ಇಬ್ಬರೂ ಹೆಡ್‌ಫೋನ್ ಏರಿಸಿದರು. ಕಿವಿಯಕ್ಕನ ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಅವಳ ಕೆಲಸದ ನೇಮ ಒಂದೇ. ಒಂದು ಸಲಕ್ಕೆ ಒಂದನ್ನೇ ಮುಟ್ಟಬೇಕು, ಮುಟ್ಟಿದ ಮೇಲೆ ಕೇಳಬೇಕು, ಕೇಳಿದ ಮೇಲೆ ಮೇಜಿನ ಮೇಲೆ ಒಂದು ಗೆರೆ ಎಳೆಯಬೇಕು. “ಎರಡು ಕಡೆ ಒಟ್ಟಿಗೆ ಕೈ ಹಾಕಿದ್ರೆ ಯಾವುದ್ರಿಂದ ಸರಿಹೋಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ” ಎನ್ನುತ್ತಿದ್ದಳು.

ಸೊಸೆ ಏನೂ ಓದದೆ ಬರೀ ಮೌನವನ್ನು ರೆಕಾರ್ಡ್ ಮಾಡಿ ಕೇಳಿಸಿದಳು. ಕಿವಿಯಕ್ಕ ಕಣ್ಣು ಮುಚ್ಚಿದಳು. “ಇಲ್ಲಿ ಒಂದಲ್ಲ, ಎರಡು ಸದ್ದು ಇದೆ. ಒಂದು ಸುಸ್ಸ್ ಅಂತ, ಕಾದ ಹಂಚಿಗೆ ನೀರು ಚಿಮುಕಿಸಿದ ಹಾಗೆ. ಇನ್ನೊಂದು ಆಗಾಗ ಕೀಚ್ ಕೀಚ್ ಅನ್ನತ್ತೆ. ಮೇಷ್ಟ್ರಿಗೆ ಫೋನ್ ಮಾಡು.”

ಮೇಷ್ಟ್ರು ಫೋನಿನಲ್ಲೇ ದಾರಿ ಹೇಳಿದರು. “ಆಜ್ಞೆ ಟೈಪ್ ಮಾಡೋ ಕಪ್ಪು ಪರದೆ ತೆರೀರಿ. ಆಲ್ಸಾಮಿಕ್ಸರ್ ಅಂತ ಟೈಪ್ ಮಾಡಿ. ಸದ್ದಿನ ಮಟ್ಟ ತೋರಿಸೋ ಕಂಬಗಳು ಕಾಣಿಸ್ತವಾ?”

ಕಂಡವು. ದಾರದ ಉಂಡೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ ಬಿಳಿ, ಹಸಿರು, ಕೆಂಪು ಕಂಬಗಳು. ಅದರಲ್ಲಿ ಮೈಕ್ ಬೂಸ್ಟ್ ಎಂಬ ಕಂಬ ನೆತ್ತಿಯವರೆಗೆ ಏರಿ ಕೂತಿತ್ತು.

“ಅದನ್ನ ಯಾರಮ್ಮ ಅಷ್ಟು ಏರಿಸಿದ್ದು?”

ಸೊಸೆ ತಲೆ ತಗ್ಗಿಸಿದಳು. “ನಾನೇ ಸರ್. ನನ್ನ ದನಿ ಸಣ್ಣದಲ್ವಾ, ಕೇಳಿಸಲ್ಲ ಅಂತ…”

“ದನಿ ಜೊತೆ ಕಸಾನೂ ದೊಡ್ಡದಾಗತ್ತಮ್ಮ. ಕೆಳಗಿಳಿಸಿ.”

“ಮೈಕಿನ ಹತ್ರ ಕೂರೇ” ಎಂದಳು ಅತ್ತೆ. “ಗೆಳತಿಗೆ ಗುಟ್ಟು ಹೇಳೋ ಹಾಗೆ ಓದು. ಕೂಗೋಕೆ ನಮ್ಮನೇಲಿ ಬೇರೆಯವರಿದ್ದಾರೆ.”

ಕಂಬ ಇಳಿಯಿತು, ಸುಸ್ಸ್ ನಿಂತಿತು. ಮೇಜಿನ ಮೇಲೆ ಒಂದು ಗೆರೆ.

ಕೀಚ್ ಕೀಚ್ ಇನ್ನೂ ಇತ್ತು. ಕಿವಿಯಕ್ಕ ಸ್ವಲ್ಪ ಹೊತ್ತು ಕೇಳಿ, “ನಿನ್ನ ಬಲಗೈ ಎಲ್ಲಿದೆ?” ಅಂದಳು.

“ಮೌಸ್ ಮೇಲೆ ಅತ್ತೆ.”

“ಅಲ್ಲಾಡಿಸು. ನಿಲ್ಲಿಸು. ಅಲ್ಲಾಡಿಸು. ಅಯ್ಯೋ ಇದರ! ನೀನು ಮೌಸ್ ಎಳೆದ್ರೆ ಇದು ನಿಜವಾಗ್ಲೂ ಇಲಿ ಥರ ಕಿರುಚ್ತಿದೆ!”

ಇಬ್ಬರಿಗೂ ನಗು ಒತ್ತರಿಸಿ ಬಂತು. ಸೊಸೆ ಮೌಸನ್ನು ಗಿರ್ರನೆ ತಿರುಗಿಸುವುದು, ಅದು ಕೀಚೆನ್ನುವುದು, ಅತ್ತೆ ಸೆರಗನ್ನು ಬಾಯಿಗೆ ತುರುಕಿಕೊಳ್ಳುವುದು. ಫೋನಿನಲ್ಲಿದ್ದ ಮೇಷ್ಟ್ರಿಗೂ ನಗು ಅಂಟಿತು. ಅವರು ಸಾವರಿಸಿಕೊಂಡು, “ಮೈಕನ್ನ ಮುಂದಿನ ತೂತಿಗೆ ಹಾಕಿದ್ದೀರಿ. ಅಲ್ಲಿಂದ ಒಳಗೆ ಹೋಗೋ ತಂತಿ ದಾರೀಲಿ ಕಂಡವರ ಮಾತೆಲ್ಲ ಕೇಳಿಸ್ಕೊಂಡು ಹೋಗತ್ತೆ. ಹಿಂದಿನ ತೂತಿಗೆ ಹಾಕಿ” ಎಂದರು. ಹಾಕಿದರು. ಇಲಿ ಸತ್ತಿತು. ಎರಡನೇ ಗೆರೆ.

ಮೂರೂವರೆ. ಸೊಸೆ ನೀರು ಕುಡಿದು ಪಾಠ ಓದಲು ಶುರು ಮಾಡಿದಳು. ಪಾಠದಲ್ಲಿ ಒಂದು ಹಳೆಯ ಬಸ್ಸು. ನಲವತ್ತು ವರ್ಷ ಒಂದೇ ದಾರಿಯಲ್ಲಿ ಓಡಿದ ಬಸ್ಸು. ಮೊದಲ ಪುಟ ಹಾಲಿನ ಹಾಗೆ ಹೋಯಿತು. ಎರಡನೇ ಪುಟದಲ್ಲಿ, ಬಸ್ಸನ್ನು ಗುಜರಿಗೆ ಎಳೆದೊಯ್ಯಲು ಲಾರಿ ಬರುವ ಕಡೆ, ಹೆಡ್‌ಫೋನಿನಲ್ಲಿ ಗುಂಯ್ ಎಂಬ ಹೊಸ ಸದ್ದು ಹುಟ್ಟಿತು.

ನಿಲ್ಲಿಸಿದರು. ಗುಂಯ್ ಕೂಡ ನಿಂತಿತು.

ಮತ್ತೆ ಮೊದಲಿಂದ. ಮತ್ತೆ ಲಾರಿ, ಮತ್ತೆ ಗುಂಯ್. ಸೊಸೆ ಪುಸ್ತಕ ಮಗುಚಿಟ್ಟಳು.

ಮೇಷ್ಟ್ರು ಮತ್ತೆ ಫೋನಿಗೆ ಬಂದರು. ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿಸಿದರು. ಮೈಕನ್ನು ದಪ್ಪ ಹೊದಿಕೆಯಲ್ಲಿ ಮುಳುಗಿಸಿ ಓದಿಸಿದರು. ಸೊಸೆಯ ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳಿತು, ಗುಂಯ್ ಮಾತ್ರ ಎಷ್ಟಿತ್ತೋ ಅಷ್ಟೇ ಇತ್ತು. “ಹಾಗಾದ್ರೆ ಇದು ಗಾಳೀಲಿ ಬರ್ತಿಲ್ಲ, ಕರೆಂಟಲ್ಲಿ ಬರ್ತಿದೆ” ಎಂದರು ಮೇಷ್ಟ್ರು. ಕಿವಿಯಕ್ಕ ಸ್ಕ್ರೂಡ್ರೈವರ್ ತಂದು ಕಂಪ್ಯೂಟರಿನ ಡಬ್ಬಿಗೆ ಒತ್ತಿ ಕೇಳಿದಳು. ಒಳಗೆ ಪುಟ್ಟ ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು, ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ನಾಲ್ಕು ಇಪ್ಪತ್ತು.

“ಬಿಡಿ ಅತ್ತೆ” ಎಂದಳು ಸೊಸೆ. “ನನ್ನ ದನಿಗೆ ಅಷ್ಟೇ ಯೋಗ. ಇನ್ಯಾರಾದ್ರೂ ಓದ್ಲಿ.”

“ಇನ್ಯಾರಾದ್ರೂ ಯಾಕೆ ಓದ್ಬೇಕು? ತಂದ ಮಷೀನನ್ನ ಆಗಲ್ಲ ಅಂತ ನಾನು ಯಾವತ್ತಾದ್ರೂ ವಾಪಸ್ ಕಳಿಸಿದ್ದೀನಾ? ಇನ್ನೊಂದ್ಸಲ ಓದು. ಎಲ್ಲಿ ಗುಂಯ್ ಅನ್ನತ್ತೋ ಅಲ್ಲಿ ಪುಸ್ತಕದ ಅಂಚಲ್ಲೇ ಗುರುತು ಹಾಕ್ತೀನಿ.”

ಹಾಕಿದಳು. ಓದಿ ಮುಗಿದ ಮೇಲೆ ನೋಡಿದರೆ ಐದು ಗುರುತು. ಡ್ರೈವರ್ ಬಸ್ಸಿನ ಸ್ಟೇರಿಂಗ್ ಸವರುವ ಕಡೆ ಒಂದು, ಲಾರಿಗೆ ಹಗ್ಗ ಕಟ್ಟುವ ಕಡೆ ಒಂದು. ಬಸ್ಸಿನ ಹಾರ್ನು ಕೊನೆಯ ಸಲ ಅರ್ಧಕ್ಕೆ ನಿಂತುಹೋಗುವ ಕಡೆ ಉದ್ದನೆಯ ಗೀಟು. ಕಂಡಕ್ಟರನ ತಮಾಷೆ ಇದ್ದ ಕಡೆ ಒಂದೂ ಇಲ್ಲ.

ಕಿವಿಯಕ್ಕ ಫೋನೆತ್ತಿದಳು. “ಮೇಷ್ಟ್ರೇ, ಈ ಲಿನಕ್ಸಿಗೆ ಅಳು ಬರತ್ತಾ?”

“ಏನಮ್ಮ?”

“ದುಃಖ ಇರೋ ಕಡೆ ಮಾತ್ರ ಗುಂಯ್ ಅಂತಿದೆ.”

“ಅಮ್ಮಾ, ಕಂಪ್ಯೂಟರಿಗೆ ಕಥೆ ಅರ್ಥ ಆಗಲ್ಲ.”

“ಹಾಗಾದ್ರೆ ಕಥೆ ಅರ್ಥ ಆಗೋರು ಈ ಕೋಣೇಲಿ ಯಾರಿದ್ದಾರೆ?”

ಕೇಳಿದ್ದೇ ತಡ, ಅತ್ತೆ ಸೊಸೆ ಇಬ್ಬರ ಕತ್ತೂ ಒಟ್ಟಿಗೆ ಮೂಲೆಗೆ ತಿರುಗಿತು. ಸ್ಟೂಲಿನ ಮೇಲೆ ಗಂಟಲಣ್ಣ. ಹೇಳಿದ ಹಾಗೆ ತುಟಿ ಬಿಗಿದು, ಕೈ ಕಟ್ಟಿ, ಜಾಣ ಮಗುವಿನಂತೆ ಕೂತಿದ್ದಾರೆ. ಕೆನ್ನೆಯ ಮೇಲೆ ನೀರು ಎರಡು ಕಾಲುವೆಯಾಗಿ ಹರಿದಿದೆ. ಬರಿಗಾಲು ಮಷೀನಿನ ಕಾಲೊತ್ತಿನ ಪೆಡಲ್ ಮೇಲಿದೆ.

ಕಿವಿಯಕ್ಕ ಹೆಡ್‌ಫೋನ್ ಕಿತ್ತು, ಹೋಗಿ ಮಷೀನಿನ ಮೋಟರ್ ಮುಟ್ಟಿದಳು. ಮಲಗಿದ್ದ ಬೆಕ್ಕಿನ ಬೆನ್ನಿನಷ್ಟು ಬೆಚ್ಚಗಿತ್ತು.

“ರೀ! ಇದು ಯಾಕ್ರೀ ಬಿಸಿಯಾಗಿದೆ?”

“ನಂಗೇನು ಗೊತ್ತು?” ಎಂದರು ಗಂಟಲಣ್ಣ, ಮೂಗೊರೆಸುತ್ತಾ. “ನೀನು ಅಲ್ಲಾಡಬೇಡಿ ಅಂದೆ, ನಾನು ಅಲ್ಲಾಡಲಿಲ್ಲ. ನೆಲ ತಣ್ಣಗಿತ್ತು, ಕಾಲಿಗೆ ಮೆತ್ತಗೆ ಏನೋ ಸಿಕ್ತು, ಇಟ್ಕೊಂಡೆ. ಆ ಬಸ್ಸನ್ನ ಹಾಗೆ ಎಳ್ಕೊಂಡು ಹೋಗ್ತಾರಲ್ಲೇ, ಒಂದು ಅನೌನ್ಸ್‌ಮೆಂಟ್ ಆದ್ರೂ ಬೇಡ್ವಾ ಅದಕ್ಕೆ?”

ವಿಷಯ ಇಷ್ಟೇ ಆಗಿತ್ತು. ಆ ಮಷೀನು ದಾರ ಸಿಕ್ಕಿ ಬಿಗಿದುಕೊಂಡೇ ರಿಪೇರಿಗೆ ಬಂದದ್ದು. ಪೆಡಲ್ ಒತ್ತಿದರೆ ಚಕ್ರ ತಿರುಗದು, ಮೋಟರ್ ಮಾತ್ರ ಹಲ್ಲು ಕಚ್ಚಿ ಗುಂಯ್ಗುಡುತ್ತದೆ. ಅದರ ಪ್ಲಗ್ಗೂ ಕಂಪ್ಯೂಟರಿನ ಪ್ಲಗ್ಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿದ್ದವು. ಕಥೆಯಲ್ಲಿ ದುಃಖ ಬಂದಾಗಲೆಲ್ಲ ಗಂಟಲಣ್ಣನ ಕಾಲು ತಾನಾಗಿ ಒತ್ತುತ್ತಿತ್ತು, ಆ ಗುಂಯ್ ಕರೆಂಟಿನ ದಾರಿ ಹಿಡಿದು ಸೀದಾ ರೆಕಾರ್ಡಿಂಗಿಗೆ ಹೋಗಿ ಕೂರುತ್ತಿತ್ತು. ಕೇಳುವ ಕಿವಿಗಳನ್ನು ಹೆಡ್‌ಫೋನ್ ಮುಚ್ಚಿತ್ತು. ತೆರೆದಿದ್ದ ಅರ್ಧ ಕಿವಿಗಳಿಗೆ ಕಥೆ ಕೇಳುತ್ತಿತ್ತು, ಗುಂಯ್ ಕೇಳುತ್ತಿರಲಿಲ್ಲ.

ಫೋನಿನಲ್ಲಿ ಮೇಷ್ಟ್ರು, “ಏನಾಯ್ತಮ್ಮ? ಏನಾಯ್ತು?” ಎನ್ನುತ್ತಲೇ ಇದ್ದರು. ಉತ್ತರ ಕೊಡುವ ಸ್ಥಿತಿಯಲ್ಲಿ ಯಾರಿದ್ದರು? ಸೊಸೆ ಬಟ್ಟೆಯ ಥಾನಿನ ಮೇಲೆ ಬಿದ್ದು ನಗುತ್ತಿದ್ದಳು, ಅತ್ತೆ ನೆಲಕ್ಕೇ ಕೂತುಬಿಟ್ಟಿದ್ದಳು. “ನಲವತ್ತು ವರ್ಷದಿಂದ ಇಂಥ ಮೋಟರುಗಳ ಸದ್ದು ಕೇಳ್ತಿದ್ದೀನಿ. ನನ್ನ ಅಂಗಡೀಲೇ, ನನ್ನ ಬೆನ್ನ ಹಿಂದೇನೇ! ನಂಗೇ ಗುರುತು ಸಿಗಲಿಲ್ವಲ್ಲೇ!” ಎಂದು ಹಣೆ ಚಚ್ಚಿಕೊಂಡು ನಕ್ಕಳು.

ನಾಲ್ಕು ಮೂವತ್ತೈದಕ್ಕೆ ಮಷೀನಿನ ಪ್ಲಗ್ ಕಿತ್ತರು. ಪೆಡಲನ್ನು ಗೋಡೆಯ ಮೊಳೆಗೆ ನೇತುಹಾಕಿದರು. ಗಂಟಲಣ್ಣನ ಕಾಲನ್ನು ಮಡಿಸಿದ ಹೊದಿಕೆಯ ಮೇಲಿಟ್ಟು, ಒತ್ತಿಕೊಳ್ಳಲು ಒಂದು ದಿಂಬನ್ನೂ ಕೊಟ್ಟರು.

ಸೊಸೆ ಓದಿದಳು. ನಕ್ಕು ಹಗುರಾದ ಗಂಟಲಿನಿಂದ, ಗೆಳತಿಗೆ ಗುಟ್ಟು ಹೇಳುವ ಹಾಗೆ. ಲಾರಿ ಬಂತು, ಹಗ್ಗ ಕಟ್ಟಿದರು, ಹಾರ್ನು ಅರ್ಧಕ್ಕೆ ನಿಂತಿತು. ಹೆಡ್‌ಫೋನಿನಲ್ಲಿ ಅವಳ ದನಿ ಬಿಟ್ಟು ಇನ್ನೇನೂ ಇರಲಿಲ್ಲ. ಸೊಸೆಯ ದನಿಯನ್ನು ಬೇರೇನೂ ಬೆರೆಯದೆ ಕೊನೆಯವರೆಗೂ ಕಿವಿಯಕ್ಕ ಕೇಳಿದ್ದು ಅದೇ ಮೊದಲು. ಗೆರೆ ಎಳೆಯುವುದನ್ನು ಮರೆತು ಸೀಮೆಸುಣ್ಣ ಹಿಡಿದೇ ಕೂತಿದ್ದಳು.

ಕೊನೆಯ ಮಾತು ಮುಗಿಯಿತು. ಮುಗಿದ ಅರೆಗಳಿಗೆಗೆ ಮೂಲೆಯಿಂದ ‘ಸೊರ್ರ್’ ಎಂದು ಮೂಗೆಳೆದ ಸದ್ದು, ಅದರ ಬೆನ್ನಿಗೇ “ಶಹಬ್ಬಾಸ್!” ಎಂಬ ಗುಡುಗು.

“ಮಾವಾ!”

“ಮುಗೀತಲ್ಲಮ್ಮ?”

ನಾಲ್ಕು ಐವತ್ತಾರು. ಮತ್ತೆ ಓದಲು ಹೊತ್ತಿರಲಿಲ್ಲ. ಕಿವಿಯಕ್ಕ ಪರದೆಯ ಮೇಲಿನ ಅಲೆಅಲೆ ಗೆರೆಯತ್ತ ಬೆರಳು ತೋರಿಸಿದಳು. “ನಿನ್ನ ಮಾತು ಇಲ್ಲಿಗೆ ಮುಗೀತು. ಇವರ ಮೂಗು ಇಲ್ಲಿಂದ ಶುರು. ನಡುವೆ ಒಂದು ಬೆರಳು ಜಾಗ ಇದೆ. ಹೊಲಿದಾದ ಮೇಲೆ ದಾರ ಕತ್ತರಿಸಲ್ವಾ? ಹಾಗೆ ಕತ್ತರಿಸು.”

ಸೊಸೆ ಕತ್ತರಿಸಿದಳು, ಕಳಿಸಿದಳು. ಹೊದಿಕೆಯೊಳಗಿಂದ ಗಡಿಯಾರ ತೆಗೆದು ನೋಡಿದಾಗ ಐದಕ್ಕೆ ಒಂದು ನಿಮಿಷ ಇತ್ತು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಫೋನ್ ಮಾಡಿದರು. ಬಸ್ಸಿನ ಪಾಠವನ್ನು ಒಪ್ಪಿಕೊಂಡಿದ್ದರು, ಅದರ ಜೊತೆ ಇಡೀ ಪುಸ್ತಕವೇ ಸೊಸೆಯ ಪಾಲಿಗೆ ಬಂದಿತ್ತು, ಹದಿನೆಂಟು ಪಾಠ. ಸುದ್ದಿಯನ್ನು ಬೀದಿಗೆ ತಿಳಿಸುವ ಕೆಲಸವನ್ನು ಯಾರೂ ಗಂಟಲಣ್ಣನಿಗೆ ಹೇಳಬೇಕಾಗಲಿಲ್ಲ.

ಅಂದಿನಿಂದ ಆ ಅಂಗಡಿಯಲ್ಲಿ ಪೆಡಲ್ ಮೊಳೆಗೆ ಏರಿತೆಂದರೆ ಓದು ಶುರುವಾಯಿತೆಂದೇ ಅರ್ಥ. ಗಿರಾಕಿಗಳು ಅದನ್ನು ನೋಡಿ ಬಾಗಿಲಲ್ಲೇ ಹಿಂದಿರುಗುತ್ತಾರೆ. ಗಂಟಲಣ್ಣನಿಗೆ ಒಳಗೆ ಪ್ರವೇಶವಿಲ್ಲ, ಮೆಟ್ಟಿಲ ಮೇಲೆ ಕಾವಲು. ಯಾರಾದರೂ ಬಂದರೆ ತುಟಿಗೆ ಬೆರಳಿಟ್ಟು, ಅತಿ ಮೆಲ್ಲಗೆ, “ಒಳಗೆ ಓದು ನಡೀತಿದೆ! ಯಾರೂ ಸದ್ದು ಮಾಡಕೂಡದು!” ಎನ್ನುತ್ತಾರೆ.

ಒಳಗೆ ಹೆಡ್‌ಫೋನಿನಲ್ಲಿ ಆ ಪಿಸುಮಾತು ಕೇಳಿದ ಕಿವಿಯಕ್ಕ ಕಣ್ಣು ತೆರೆದು, ಪುಸ್ತಕದ ಅಂಚಿಗೆ ಒಂದು ಗೀಟು ಎಳೆದು, ಸೊಸೆಯ ಕಡೆ ನೋಡುತ್ತಾಳೆ.

“ಮೇಷ್ಟ್ರನ್ನ ಕೇಳು. ಈ ಸದ್ದಿಗೆ ಯಾವ ಕಂಬ ಇಳಿಸ್ಬೇಕಂತೆ?”