ಏರಿತು, ಇಳಿಯಿತು, ಕೂತಿತು

ನಮ್ಮ ಅಡುಗೆಮನೆಯಲ್ಲಿ ಸ್ಟೀಲಿನ ಲೋಟಗಳನ್ನು ಒಂದರೊಳಗೊಂದು ಹಾಗೆಯೇ ಕೂರಿಸುವಂತಿಲ್ಲ. ಲೋಟಕ್ಕೂ ಲೋಟಕ್ಕೂ ನಡುವೆ ಹಳೆಯ ಪಂಚೆಯ ತುಂಡೊಂದು ಇರಬೇಕು. ತಟ್ಟೆಗಳು ಗೋಣಿಯ ಮೇಲೆ ಮಲಗಬೇಕು. ಬಾಣಲೆಗೆ ಸೌಟು ಹಾಕುವ ಮುನ್ನ ನನ್ನ ಹೆಂಡತಿ ಸುಮತಿ ಜಗಲಿಯ ಕಡೆಗೊಮ್ಮೆ ಇಣುಕಿ, ನಾನು ದೂರದಲ್ಲಿದ್ದೇನೆಯೇ ಎಂದು ನೋಡಿಕೊಳ್ಳಬೇಕು. ಮನೆಗೆ ಬಂದ ನೆಂಟರು ಈ ಮೆತ್ತನೆಯ ಸಂಸಾರವನ್ನು ಕಂಡು, ಒಳಗೆ ಮಗು ಮಲಗಿದೆಯೇ ಎಂದು ಪಿಸುಗುಟ್ಟುತ್ತಾರೆ. ಮಗು ಮಲಗಿಲ್ಲ, ಅರವತ್ತು ದಾಟಿದ ಗಂಡಸೊಬ್ಬರು ಎದ್ದು ಕೂತಿದ್ದಾರೆ ಎಂದು ಹೇಳಲು ಸುಮತಿಗೆ ಯಾವ ಸಂಕೋಚವೂ ಇಲ್ಲ. ಲೋಟವೊಂದು ನೆಲಕ್ಕೆ ಬಿದ್ದರೆ ನಿಮಗೆಲ್ಲ ಅದು ಬರಿಯ ಸದ್ದು. ನನಗೆ ಹಲ್ಲಿನ ಬೇರಿಗೆ ಸೂಜಿ ಚುಚ್ಚಿದಂಥ ನೋವು.

ಇಂಥ ಕಿವಿ ಹೊತ್ತವನು ಬಂಟ್ವಾಳದಲ್ಲಿ, ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನು, ಕಂಡಕ್ಟರರ ಸೀಟಿ, ಮದುವೆಯ ದಿಬ್ಬಣದ ಬ್ಯಾಂಡು ಇವುಗಳ ನಡುವೆ ಬಾಳುವುದೇ ಒಂದು ಸಾಹಸ. ಅದರ ಮೇಲೆ ನನ್ನ ಕಸುಬು ಯಾವುದೆಂದು ಕೇಳಿದರೆ ನೀವು ನಗುತ್ತೀರಿ. ನಾನು ಪಿಯಾನೊಗಳಿಗೆ ಶ್ರುತಿ ಕೂರಿಸುವವನು.

ನನ್ನ ಅಪ್ಪ ಭಜನಾ ಮಂದಿರಗಳ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ಹಿತ್ತಾಳೆಯ ಪುಟ್ಟ ನಾಲಿಗೆಗಳ ತುದಿಯನ್ನು ಕೆರೆದರೆ ಸ್ವರ ಏರುತ್ತದೆ, ಬುಡವನ್ನು ಕೆರೆದರೆ ಇಳಿಯುತ್ತದೆ. ಇಷ್ಟೇ ವಿದ್ಯೆ, ಆದರೆ ಎಷ್ಟು ಕೆರೆಯಬೇಕೆಂದು ತಿಳಿಯಲು ಹತ್ತು ವರ್ಷ ಬೇಕು. ಊರಲ್ಲಿ ಹಿತ್ತಾಳೆ ಕಿವಿಯವರು ಎಂದರೆ ಚಾಡಿ ನಂಬುವವರು; ನಮ್ಮ ಮನೆಯಲ್ಲಿ ಮಾತ್ರ ಅದು ಹೊಗಳಿಕೆಯಾಗಿತ್ತು. ಅದೇ ವಿದ್ಯೆ ಕಲಿತ ನಾನು ಒಮ್ಮೆ ಮೂಡುಬಿದಿರೆಯ ಶಾಲೆಯೊಂದರಲ್ಲಿ ಹಾರ್ಮೋನಿಯಂ ಸರಿಮಾಡಲು ಹೋದಾಗ ಮೂಲೆಯಲ್ಲಿ ಗೆದ್ದಲು ಹಿಡಿಯುವ ಹಂತದಲ್ಲಿದ್ದ ಪಿಯಾನೊ ಕಂಡೆ. ಅಲ್ಲಿನ ಸಂಗೀತದ ಮಾಸ್ತರರು ಮುಚ್ಚಳ ತೆಗೆದು ತೋರಿಸಿದರು. ಇನ್ನೂರಕ್ಕೂ ಮೀರಿದ ತಂತಿಗಳು, ಹೆಚ್ಚಿನ ಸ್ವರಗಳಿಗೆ ಮೂರು ಮೂರು. ಮೂರೂ ಒಂದೇ ಆದರೆ ಒಬ್ಬರೇ ಮಾತಾಡಿದಂತೆ ಕೇಳುತ್ತದೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಧ್ವನಿಯೊಳಗೆ ಅಲೆಯೊಂದು ಏಳುತ್ತದೆ, ವಂವಂ ಎಂದು ಹೊಯ್ದಾಡುತ್ತದೆ. ಆ ಅಲೆಯನ್ನು ನಿಲ್ಲಿಸುವುದೇ ನನ್ನ ಕೆಲಸ. ಅಂದು ಅದಕ್ಕೆ ಮರುಳಾದವನು ಇಂದಿಗೂ ಸರಿಹೋಗಿಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕುಗಳಲ್ಲಿ ಇರುವ ಪಿಯಾನೊಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕು. ಆಟಿ ತಿಂಗಳ ಜಡಿಮಳೆಗೆ ಯಾವುದರ ಮರ ಉಬ್ಬುತ್ತದೆ, ಯಾವುದರ ಹೊಟ್ಟೆಯೊಳಗೆ ಬಲ್ಬು ಉರಿಸಿ ಬೆಚ್ಚಗಿಡಬೇಕು, ಯಾವುದರಲ್ಲಿ ಇಲಿ ಸಂಸಾರ ಹೂಡಿದೆ, ಎಲ್ಲವೂ ನನಗೆ ಗೊತ್ತು. ಜಂಬ ಎಂದರೂ ಸರಿ, ಅವು ನನ್ನ ಕೈಯಲ್ಲಿ ಬೆಳೆದ ಮಕ್ಕಳು. ಬೇಸಗೆಯಲ್ಲೊಮ್ಮೆ ಮಳೆಗಾಲದಲ್ಲೊಮ್ಮೆ ಅವುಗಳ ಕಿವಿ ಹಿಂಡಿ ದಾರಿಗೆ ತರುವ ಹಕ್ಕು ನನ್ನದು.

ಆದರೆ ಕಿವಿ ಹಿಂಡಿದವನ ಕಿವಿಯೇ ಕೈಕೊಟ್ಟಿತು. ಬಿಗಿದ ತಂತಿ ಜಾರದೆ ನಿಲ್ಲಬೇಕಾದರೆ ಪಿಯಾನೊದ ಮನೆಯನ್ನು, ಅಂದರೆ ಬೆರಳಿನಿಂದ ಒತ್ತುವ ಪಟ್ಟಿಯನ್ನು, ಬಲವಾಗಿ, ಮತ್ತೆ ಮತ್ತೆ ಕುಟ್ಟಬೇಕು. ಮೂವತ್ತೈದು ವರ್ಷ, ಮುಖವನ್ನು ತಂತಿಗಳ ಹತ್ತಿರ ಹಿಡಿದು ಹಾಗೆ ಕುಟ್ಟಿದ್ದೇನೆ. ಪರರ ಮೇಲೆ ಹೊರಿಸಲು ಏನೂ ಇಲ್ಲ. ನನ್ನ ಕಿವಿಯನ್ನು ಕೆಡಿಸಿದ್ದು ನನ್ನ ಕೈಯೇ.

ಅದು ಗೊತ್ತಾದದ್ದೂ ತಮಾಷೆಯಾಗಿ. ಒಂದು ಮುಸ್ಸಂಜೆ ಅಂಗಳದಲ್ಲಿ ಕೂತು, ಈ ವರ್ಷ ಜೀರುಂಡೆಗಳೇ ಇಲ್ಲ, ಕಾಲ ಕೆಟ್ಟಿತು ಎಂದು ಸುಮತಿಗೆ ಹೇಳಿದೆ. ಅವಳು ಒಳಗೆ ಹೋಗಿ ದೀಪ ಹಚ್ಚಿದಳು. ಆ ಹೊತ್ತಿಗೆ ತೋಡಿನ ನೀರಿನಾಚೆಯಿಂದ ಜೀರುಂಡೆಗಳು ಊರೇ ಹಾರಿಹೋಗುವಂತೆ ಕೂಗುತ್ತಿದ್ದವೆಂದು ಅವಳು ಹೇಳಿದ್ದು ಮೂರು ತಿಂಗಳ ಮೇಲೆ.

ಆ ಮೂರು ತಿಂಗಳಲ್ಲಿ ನಾನೊಂದು ಎಡವಟ್ಟು ಮಾಡಿದ್ದೆ. ಕಕ್ಕಿಂಜೆಯ ದಾರಿಯಲ್ಲಿರುವ ಕಾನ್ವೆಂಟ್ ಶಾಲೆಯೊಂದರ ಪಿಯಾನೊವನ್ನು ಶ್ರುತಿ ಮಾಡಿ ಬಂದ ವಾರಕ್ಕೆ, ಅಲ್ಲಿ ಮಕ್ಕಳಿಗೆ ಹಾಡು ಕಲಿಸುವ ಸಿಸ್ಟರ್ ಜುಲಿಯಾನಾ ಫೋನ್ ಮಾಡಿದರು. ನನ್ನನ್ನು ಇಪ್ಪತ್ತು ವರ್ಷಗಳಿಂದ ಬಲ್ಲವರು, ಸುತ್ತಿ ಬಳಸಿ ಮಾತಾಡುವವರಲ್ಲ. "ವಾಮನಣ್ಣ, ಮೇಲಿನ ಸ್ವರಗಳು ಎಳೆದು ಕಟ್ಟಿದ ಹಾಗೆ ಉಂಟು. ಹಾಡುವಾಗ ಮಕ್ಕಳ ಗಂಟಲು ಕಟ್ತದೆ. ಒಮ್ಮೆ ಬಂದು ನೋಡಿ ಆಯ್ತಾ?" ಎಂದರು.

ಹೋದೆ. ಸಿಸ್ಟರ್ ನುಡಿಸಿದರು. ನನಗೆ ಸರಿಯಾಗಿಯೇ ಕೇಳಿಸಿತು, ಅಂದರೆ ಕೇಳಿಸಿದಷ್ಟು ಸರಿಯಾಗಿತ್ತು. ನಾಲಿಗೆ ಜಡವಾದ ಅಡುಗೆಯವನು ಉಪ್ಪು ಸಾಲದೆಂದು ಮತ್ತಷ್ಟು ಸುರಿಯುವಂತೆ, ಮೇಲಿನ ಸ್ವರಗಳು ಮಂಕಾಗಿ ಕೇಳಿ ನಾನೇ ತಂತಿಗಳನ್ನು ಎಳೆದೆಳೆದು ಬಿಗಿದಿದ್ದೆ. ಒಪ್ಪಿಕೊಳ್ಳುವುದಕ್ಕೆ ನನ್ನ ಜಂಬ ಬಿಡಬೇಕಲ್ಲ! ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. "ಫ್ಯಾನ್ ಹಾಕಿ ನುಡಿಸಿದರೆ ಹಾಗೆಯೇ ಸಿಸ್ಟರ್, ಗಾಳಿ ಸ್ವರವನ್ನು ಕಡಿಯುತ್ತದೆ" ಎಂದೆ. ಅರ್ಧ ನಿಜ. ಫ್ಯಾನಿನ ರೆಕ್ಕೆ ಧ್ವನಿಯನ್ನು ಅಲುಗಿಸುತ್ತದೆ, ಅದಕ್ಕೇ ನಾನು ಎಂಥ ಸೆಕೆಯಲ್ಲೂ ಫ್ಯಾನು ಆರಿಸಿಯೇ ಕೂರುವವನು. ಆದರೆ ಅದು ಸ್ವರವನ್ನು ಏರಿಸುವುದಿಲ್ಲ. ಸಿಸ್ಟರ್ ಎದ್ದು ಸ್ವಿಚ್ ಆರಿಸಿದರು, ರೆಕ್ಕೆ ನಿಲ್ಲುವವರೆಗೆ ಕಾದರು, ಅದೇ ಸ್ವರಗಳನ್ನು ಇನ್ನೊಮ್ಮೆ ನುಡಿಸಿದರು. ಆಮೇಲೆ ನನ್ನ ಮುಖ ನೋಡಿದರು. "ವಾರ್ಷಿಕೋತ್ಸವಕ್ಕೆ ಮೊದಲು ಸರಿ ಆಗಬೇಕು ವಾಮನಣ್ಣ. ನಿಮಗೆ ಆಗದಿದ್ದರೆ ಹೇಳಿ, ಮಂಗಳೂರಿನಿಂದ ಯಾರನ್ನಾದರೂ ಕರೆಸುವ."

ಬಸ್ಸಿನಲ್ಲಿ ಬರುವಾಗ ಆ ಒಂದು ಮಾತೇ ತಲೆಯೊಳಗೆ ತಿರುಗುತ್ತಿತ್ತು. ಒಂದು ಶಾಲೆ ಕೈಬಿಟ್ಟರೆ ಮೂರು ತಾಲೂಕಿಗೂ ಸುದ್ದಿ ಮುಟ್ಟುತ್ತದೆ. ಆಮೇಲೆ ನಾನು ಯಾರು? ಆದರೆ ಅದಕ್ಕಿಂತಲೂ ಸುಡುತ್ತಿದ್ದುದು ನನ್ನ ಸುಳ್ಳು. ಸ್ವರ ತಪ್ಪಬಹುದು, ತಪ್ಪಿದ ಸ್ವರವನ್ನು ಸರಿ ಎಂದು ಹೇಳುವವನು ನಮ್ಮ ಕಸುಬಿಗೆ ಹೊರಗಿನವನು. ಮನೆಗೆ ಬಂದು ಎಲ್ಲವನ್ನೂ ಸುಮತಿಗೆ ಹೇಳಿದೆ. ಅವಳು ಜೀರುಂಡೆಗಳ ವಿಷಯ ತೆಗೆದದ್ದು ಆಗಲೇ. "ಮೊದಲೇ ಹೇಳಬಾರದಿತ್ತಾ?" ಎಂದೆ. "ನಾನು ಹೇಳಿದ್ದರೆ ನೀವು ಜೀರುಂಡೆಗಳಿಗೇ ಬೈತಿದ್ದಿರಿ" ಎಂದಳು. ನಿಜ, ಬೈಯುತ್ತಿದ್ದೆ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಎತ್ತರದ ಸ್ವರಗಳು ಕೇಳಿಸುವುದಿಲ್ಲ, ಕೇಳಿಸುವವು ಬೇಕಾದ್ದಕ್ಕಿಂತ ಜೋರಾಗಿ ಕೇಳಿಸುತ್ತವೆ, ಹೋದದ್ದು ಮರಳದು, ಈ ಕೆಲಸ ಬಿಟ್ಟರೆ ಒಳ್ಳೆಯದು ಎಂದರು. ಒಳ್ಳೆಯ ಮನುಷ್ಯರು, ಹೇಳಿದ್ದೂ ಸರಿ. ಆದರೆ ಮೀನು ಹಿಡಿಯುವವನಿಗೆ ಹೊಳೆ ಬಿಡು ಎಂದರೆ ಅವನು ದಡದಲ್ಲಿ ಕೂತು ಮಾಡುವುದೇನು?

ದಸರಾ ರಜೆಯಲ್ಲಿ ಮಿಜಾರಿನ ಕಾಲೇಜೊಂದರ, ಯಾರೂ ಮುಟ್ಟದ ಹಳೆಯ ಪಿಯಾನೊ ನಮ್ಮಿಬ್ಬರ ಪಾಠಶಾಲೆಯಾಯಿತು. ನಮ್ಮಿಬ್ಬರ ಎಂದೆ, ಏಕೆಂದರೆ ಸುಮತಿ ಭಜನಾ ಮಂಡಳಿಯಲ್ಲಿ ಮೂವತ್ತು ವರ್ಷಗಳಿಂದ ಮುಂದೆ ಕೂತು ಹಾಡುವವಳು. ಹಾರ್ಮೋನಿಯಂ ತಪ್ಪಿದರೂ ಅವಳು ತಪ್ಪುವವಳಲ್ಲ. ಕಿವಿಗೆ ಹತ್ತಿ ತುರುಕಿ, ಒಂದು ಬಲವಾದ ಪೆಟ್ಟಿನ ಬದಲು ಹತ್ತು ಮೆತ್ತನೆಯ ಪೆಟ್ಟುಗಳಲ್ಲಿ ತಂತಿಯನ್ನು ನಿಲ್ಲಿಸಲು ಕಲಿತೆ. ಕೆಲಸ ಎರಡರಷ್ಟು ನಿಧಾನ, ತಂತಿಗೇನೂ ಅವಸರವಿಲ್ಲ. ಕೆಳಗಿನ ಮತ್ತು ನಡುವಿನ ಸ್ವರಗಳಿಗೆ ಹಲಸಿನ ಮರದ ಕಡ್ಡಿಯೊಂದನ್ನು ಪಿಯಾನೊದ ಹಲಗೆಗೆ ಒತ್ತಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿದೆ. ಅಲೆ ದವಡೆಯ ಮೂಳೆಯಲ್ಲಿ ಏಳುತ್ತದೆ, ನಿಧಾನವಾಗುತ್ತದೆ, ನಿಲ್ಲುತ್ತದೆ. ಇದನ್ನು ಕಂಡ ಅಲ್ಲಿನ ವಾಚ್‌ಮನ್, "ಹಸಿವಾದರೆ ಕ್ಯಾಂಟೀನ್ ಉಂಟಲ್ಲ ಮಾರಾಯ್ರೆ, ಅದನ್ನು ಯಾಕೆ ತಿನ್ನುವುದು?" ಎಂದು ಕೇಳಿದ. ತೀರ ಮೇಲಿನ ಸ್ವರಗಳು ದವಡೆಗೂ ದಕ್ಕಲಿಲ್ಲ. ಅಲ್ಲಿಂದ ಮೇಲೆ ಸುಮತಿಯ ರಾಜ್ಯ. ಅವಳಿಗೆ ನಮ್ಮ ಕಸುಬಿನ ಮಾತು ಗೊತ್ತಿಲ್ಲ. ಅವಳಲ್ಲಿ ಮೂರೇ ಮಾತು: ಏರಿತು, ಇಳಿಯಿತು, ಕೂತಿತು.

ಮಿತ್ರರೇ, ಕಿವಿ ಹುಟ್ಟಿನಿಂದ ಬಂದದ್ದು. ಕೇಳುವುದನ್ನು ಮಾತ್ರ ದುಡಿದು ಗಳಿಸಬೇಕು. ನನ್ನ ಕಿವಿ ಹೋಯಿತು ಎಂದು ಮರುಗುವವರಿಗೆ ನಾನು ಹೇಳುವುದಿಷ್ಟೆ: ಕೇಳುವವನು ಇನ್ನೂ ಇಲ್ಲಿಯೇ ಇದ್ದಾನೆ, ಮೊದಲಿಗಿಂತ ಎಚ್ಚರವಾಗಿದ್ದಾನೆ. ಕಿವಿ ಚೆನ್ನಾಗಿದ್ದಾಗ ಊರಿನ ಯಾರ ಮಾತನ್ನೂ ನಾನು ಕೇಳುತ್ತಿರಲಿಲ್ಲ.

ವಾರ್ಷಿಕೋತ್ಸವಕ್ಕೆ ಹತ್ತು ದಿನ ಇದೆಯೆನ್ನುವಾಗ ಇಬ್ಬರೂ ಕಕ್ಕಿಂಜೆಯ ಬಸ್ಸು ಹತ್ತಿದೆವು. ಶಾಲೆಯ ಬಾಗಿಲಲ್ಲಿಯೇ ಸಿಸ್ಟರ್‌ಗೆ ಹೇಳಿದೆ: "ಕಳೆದ ಸಲ ಫ್ಯಾನಿನ ಮೇಲೆ ಹಾಕಿದ್ದು ಸುಳ್ಳು. ತಪ್ಪು ನನ್ನ ಕಿವಿಯದ್ದು. ಮೇಲಿನದ್ದು ನನಗೆ ಕೇಳುವುದಿಲ್ಲ, ಇವಳಿಗೆ ಕೇಳ್ತದೆ. ನಿಮಗೆ ಒಪ್ಪಿಗೆಯಾದರೆ ಒಳಗೆ ಬರ್ತೇವೆ." ಸಿಸ್ಟರ್ ಸುಮತಿಯನ್ನು ನೋಡಿದರು, ನನ್ನನ್ನು ನೋಡಿದರು, ಬಾಗಿಲು ಬಿಟ್ಟು ಸರಿದು ನಿಂತರು.

ಬೆಳಗ್ಗೆ ಕೂತವರು ಸಂಜೆಯ ಗಂಟೆ ಹೊಡೆಯುವ ಹೊತ್ತಿಗೆ ಕಟ್ಟಕಡೆಯ ಸ್ವರಕ್ಕೆ ಬಂದೆವು. ಆ ಮನೆಯನ್ನು ಒತ್ತಿದರೆ ನನಗೆ ಕೇಳುವುದು ಮರಕ್ಕೆ ಮರ ಬಡಿದ ಟಕ್ ಎಂಬ ಸದ್ದು ಮಾತ್ರ; ಸ್ವರವೆಂಬುದು ಅಲ್ಲಿ ಇಲ್ಲವೇ ಇಲ್ಲ. ಒತ್ತಿದೆ. "ಇಳಿಯಿತು" ಎಂದಳು. ತಂತಿ ಬಿಗಿಯುವ ಕೀಲಿಯನ್ನು ಉಸಿರು ಹಿಡಿದು ಕದಲಿಸಿದೆ. "ಏರಿತು." ಹಿಂದಕ್ಕೆ ತಂದೆ, ಎಷ್ಟೆಂದರೆ ಕೈ ಅಲುಗಿತೋ ಇಲ್ಲವೋ ನನಗೇ ತಿಳಿಯದಷ್ಟು. ಸುಮತಿ ಕಣ್ಣು ಮುಚ್ಚಿದಳು. "ಕೂತಿತು" ಎಂದಳು. ನನ್ನ ಪಾಲಿಗೆ ಇಲ್ಲದ ಸ್ವರವೊಂದನ್ನು ಅವಳ ಮಾತಿನ ಮೇಲೆ ನನ್ನ ಕೈಯಾರೆ ಕೂರಿಸಿದ್ದೆ. ಮೂವತ್ತೈದು ವರ್ಷಗಳಲ್ಲಿ ಯಾವ ಕೆಲಸಕ್ಕೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಸಿಸ್ಟರ್ ಬಂದು ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಸ್ವರ ನುಡಿಸಿದರು. ಮೇಲೆ ಹೋಗಿ ಮತ್ತೊಮ್ಮೆ, ಇನ್ನೊಮ್ಮೆ. ಆಮೇಲೆ ಕೈ ಮಡಿಲಲ್ಲಿಟ್ಟುಕೊಂಡು, "ವಾಮನಣ್ಣ, ಇನ್ನು ಮುಂದೆ ನೀವು ಒಬ್ಬರೇ ಬಂದರೆ ನಾನು ಗೇಟು ತೆಗೆಯುವುದಿಲ್ಲ" ಎಂದರು.

ನಮ್ಮ ಕಸುಬಿನಲ್ಲಿ ಒಂದು ರೂಢಿಯುಂಟು. ಕೆಲಸ ಮುಗಿದ ಮೇಲೆ ಪಿಯಾನೊದ ಒಳಗೆ, ನುಡಿಸುವವರ ಕಣ್ಣಿಗೆ ಬೀಳದ ಹಲಗೆಯ ಮೇಲೆ, ಪೆನ್ಸಿಲಿನಲ್ಲಿ ಹೆಸರು, ತಿಂಗಳು ಬರೆಯುತ್ತೇವೆ. ಆ ಹಲಗೆಯಲ್ಲಿ ಸಾಲುಸಾಲಾಗಿ ಇದ್ದುದು ಬರೀ ನನ್ನ ಹೆಸರು. ಪೆನ್ಸಿಲನ್ನು ಸುಮತಿಯ ಕೈಗೆ ಕೊಟ್ಟು, ಈ ಸಲ ಎರಡೂ ಹೆಸರು ನೀನೇ ಬರೆ ಎಂದೆ. ಅವಳು ಸೆರಗಿನಿಂದ ಹಲಗೆಯ ದೂಳು ಒರೆಸಿ, ದುಂಡಗಿನ ಅಕ್ಷರಗಳಲ್ಲಿ ಮೊದಲು ತನ್ನ ಹೆಸರು ಬರೆದಳು, ಅದರ ಕೆಳಗೆ ನನ್ನದು. ತಿದ್ದುವಂಥದ್ದು ಏನೂ ಇರಲಿಲ್ಲ. ನಾನು ಮುಚ್ಚಳ ಹಾಕಿದೆ.