ದೊಡ್ಡ ಮಾರ್ಕೆಟ್ಟಿನ ಕೊಸರು

"ಓದೋ ಹುಡುಗೀನ ಹೋಗಿ ಹೋಗಿ ಮಾರ್ಕೆಟ್ಟಲ್ಲಿ ಆಡಿಸ್ತೀಯೇನಪ್ಪಾ?"

ನಮ್ಮತ್ತೆ ಕಾಫಿ ಲೋಟವನ್ನು ಟೇಬಲ್ ಮೇಲೆ ಕುಕ್ಕಿ ಕೇಳಿದ ಪ್ರಶ್ನೆ ಇದು. ಕೇಳಿದ್ದು ಪಕ್ಕದ ಮನೆಯ ಗುರುಪ್ರಸಾದ್ ಅವರನ್ನು. ಅಮೆರಿಕದ ವಾಷಿಂಗ್ಟನ್ ಡಿಸಿಗೆ ಅಂಟಿಕೊಂಡ ರಾಕ್‌ವಿಲ್‌ನ ನಮ್ಮ ಅಡುಗೆಮನೆಯಲ್ಲಿ ಗುರು ಲ್ಯಾಪ್‌ಟಾಪ್ ತೆರೆದುಕೊಂಡು ಕೂತಿದ್ದರು. ಪಾಪ, ಅವರು ಹೇಳಿದ್ದು "ಬಿಗ್ ಮಾರ್ಕೆಟ್‌ನಲ್ಲಿ ಆಡಿದ್ರೆ ಅವಳಿಗೆ ಒಳ್ಳೇದು" ಎಂದಷ್ಟೆ. ಮೈಸೂರಿನಿಂದ ಆರು ತಿಂಗಳ ಮಟ್ಟಿಗೆ ಬಂದಿರುವ ನಮ್ಮತ್ತೆಯ ಕಿವಿಗೆ ಮಾರ್ಕೆಟ್ ಎಂದರೆ ದೇವರಾಜ ಮಾರ್ಕೆಟ್. ಅಲ್ಲಿ ಸೊಪ್ಪಿನವಳ ಮುಂದೆ ಹುಡುಗಿ ಚೆಂಡು ಕುಟ್ಟುತ್ತಾ ಓಡಾಡುವುದನ್ನು ಊಹಿಸಿಕೊಂಡೇ ಅವರಿಗೆ ಸಿಟ್ಟು ಬಂದಿತ್ತು.

ವಿಷಯ ಇಷ್ಟು. ಗುರು ಮತ್ತು ಶೈಲಾಗೆ ಒಬ್ಬಳೇ ಮಗಳು, ಮೇಘನಾ. ನಾರ್ತ್ ಕ್ಯಾರೊಲೈನಾದ ಒಂದು ಪುಟ್ಟ ಊರಿನ ಕಾಲೇಜಿನಲ್ಲಿ ಮೂರನೇ ವರ್ಷ. ಬಾಸ್ಕೆಟ್‌ಬಾಲ್ ಆಡುತ್ತಾಳೆ. (ಊರೆಷ್ಟು ಪುಟ್ಟದು ಎಂದರೆ, ಅದೇ ರಾಜ್ಯದ ರಾಲಿಯಲ್ಲಿರುವ ನನ್ನ ಗೆಳತಿಗೇ ಅದು ಎಲ್ಲಿದೆ ಎಂದು ಗೊತ್ತಿರಲಿಲ್ಲ.) ಅಪ್ಪನ ಕಾಟ ತಡೆಯಲಾರದೆ, ಬೇರೆ ಕಾಲೇಜಿಗೆ ಹೋಗಬಯಸುವವರ ಪಟ್ಟಿಗೆ ಹೆಸರು ಕೊಟ್ಟಿದ್ದಳು. ವಾಷಿಂಗ್ಟನ್ ಡಿಸಿ ಪಕ್ಕದ ಕಾಲೇಜೊಂದರ ಕೋಚ್, ಕೊನೆಯ ವರ್ಷ ನಮ್ಮಲ್ಲಿ ಬಂದು ಆಡು ಎಂದು ಕರೆದೇ ಬಿಟ್ಟರು. ಸೋಮವಾರದೊಳಗೆ ಉತ್ತರ ಹೇಳಬೇಕು.

ಮೇಘನಾಗೆ ಮನಸ್ಸಿಲ್ಲ. ಗುರುವಿಗೆ ಬೇರೆ ಯಾವುದರಲ್ಲೂ ಮನಸ್ಸಿಲ್ಲ.

ಕೆಲವು ವರ್ಷಗಳಿಂದ ಇಲ್ಲಿ ಕಾಲೇಜು ಆಟಗಾರರೂ ಜಾಹೀರಾತುಗಳಲ್ಲಿ ಕಾಣಿಸಿಕೊಂಡು ಸಂಪಾದಿಸಬಹುದು. (ಮೇಘನಾಳ ಜೊತೆ ಆಡುವ, ಸ್ಟೂಡೆಂಟ್ ವೀಸಾದಲ್ಲಿ ಬಂದಿರುವ ಹುಡುಗಿಗೆ ಮಾತ್ರ ಈ ಭಾಗ್ಯವಿಲ್ಲ. ವೀಸಾ ಕಾಟ ಬಾಸ್ಕೆಟ್‌ಬಾಲ್ ಕೋರ್ಟನ್ನೂ ಬಿಟ್ಟಿಲ್ಲ ನೋಡಿ.) ಗುರು ವೃತ್ತಿಯಿಂದ ಡೇಟಾ ಮನುಷ್ಯ. ಮಗಳ ಭವಿಷ್ಯವನ್ನು ಒಂದು ಸ್ಪ್ರೆಡ್‌ಶೀಟ್‌ಗೆ ಇಳಿಸಿದ್ದರು. ಊರಿನ ಜನಸಂಖ್ಯೆ, ಟಿವಿ ನೋಡುವವರು, ಹತ್ತಿರದಲ್ಲಿರುವ ಕಂಪನಿಗಳು, ಎಲ್ಲಕ್ಕೂ ಒಂದೊಂದು ಕಾಲಂ. ಡಿಸಿ ಹಸಿರು, ಅಟ್ಲಾಂಟಾ ಹಳದಿ, ಮೇಘನಾ ಇರುವ ಊರು ಕೆಂಪು.

"ಪ್ರೊ ಪ್ಲೇಯರ್ಸ್ ಕಥೇನೂ ಇದೇ. ದೊಡ್ಡ ಸಿಟಿ ಟೀಮ್‌ಗೆ ಹೋದ್ರೆ ಶೂ ಕಂಪನಿಯವ್ರು ಜಾಸ್ತಿ ಕೊಡ್ತಾರಂತೆ," ಎಂದರು ಗುರು. "ನಮ್ಮವಳಿಗೆ ಅಲ್ಲಿ ಇರೋ ಎಂಡಾರ್ಸ್‌ಮೆಂಟ್ ಯಾವ್ದು ಗೊತ್ತಾ? ಟೈರ್ ಅಂಗಡಿ! ಟೈರ್!"

ಎಂಡಾರ್ಸ್‌ಮೆಂಟ್ ಎಂದರೇನು ಎಂದು ಅತ್ತೆ ನನ್ನ ಮುಖ ನೋಡಿದರು. ಆಟಕ್ಕೆ ಸಿಗುವುದು ಬೇರೆ, ಆಡುವವಳ ಮುಖ ನೋಡಿ ಅದರ ಮೇಲೆ ಅಂಗಡಿಯವರು ಕೊಡುವುದು ಇದು ಎಂದೆ.

"ಓ, ಕೊಸರು ಅನ್ನು."

ಎಷ್ಟು ವರ್ಷವಾಗಿತ್ತು ಆ ಪದ ಕೇಳಿ! ಕಾಲು ಕೇಜಿ ಬೀನ್ಸ್ ತೂಗಿದ ಮೇಲೆ ಚೀಲದೊಳಗೆ ಬೀಳುವ ಎರಡು ಹಸಿಮೆಣಸಿನಕಾಯಿ, ಒಂದೆಸಳು ಕರಿಬೇವು. ಇಲ್ಲಿಯ ಸೂಪರ್‌ಮಾರ್ಕೆಟ್‌ನಲ್ಲಿ ಬಿಲ್ಲಿಂಗ್ ಮಷೀನ್ ಮುಂದೆ ನಿಂತು ಯಾರನ್ನು ಕೊಸರು ಕೇಳುತ್ತೀರಿ?

ಅತ್ತೆ ಮಾತ್ರ ಈಗ ತಮ್ಮ ಸಬ್ಜೆಕ್ಟಿಗೆ ಬಂದಿದ್ದರು. "ಗುರು, ದೊಡ್ಡ ಮಾರ್ಕೆಟ್ಟಲ್ಲಿ ಗಿರಾಕಿ ಜಾಸ್ತಿ ಅಂತೀಯಲ್ಲ, ಟೊಮೆಟೊನೂ ಜಾಸ್ತಿ ಇರತ್ತೆ ಕಣಪ್ಪ. ಅಷ್ಟೊಂದು ರಾಶೀಲಿ ನಿನ್ನ ಟೊಮೆಟೊನೇ ಯಾಕೆ ನೋಡ್ತಾರೆ? ನಮ್ಮ ಬೀದಿ ತಿರುವಿನ ತರಕಾರಿಯವನು ನನ್ನ ಮುಖ ನೋಡಿದ ತಕ್ಷಣ ಕೊಸರು ಹಾಕ್ತಾನೆ."

ಗುರು ನಕ್ಕರು. ಆದರೆ ಸ್ಪ್ರೆಡ್‌ಶೀಟ್ ಮುಚ್ಚಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಗುರು ಹೇಳಿದ್ದು ಸುಳ್ಳಲ್ಲ. ದೊಡ್ಡ ಊರಿನಲ್ಲಿ ದೊಡ್ಡ ಕಂಪನಿಗಳಿವೆ, ಕ್ಯಾಮೆರಾಗಳಿವೆ. ಆದರೆ ಈಗ ಯಾರ ಮಾರ್ಕೆಟ್ ಎಲ್ಲಿದೆ ಹೇಳಿ? ಸಣ್ಣ ಊರಿನ ತಂಡದಲ್ಲಿ ಆಡುವವರ ಹೆಸರಿನ ಶೂಗಾಗಿ ನಮ್ಮ ಬೀದಿಯ ಮಕ್ಕಳು ಹಟ ಹಿಡಿಯುತ್ತಾರೆ. ಅವರೆಲ್ಲ ಆಟ ನೋಡುವುದು ಅಂಗೈಯಗಲದ ಫೋನಿನಲ್ಲಿ. ತಾರೆಯಾದವರಿಗೆ ಊರು ಯಾವುದಾದರೇನು? ತಾರೆಯಲ್ಲದವರನ್ನು ದೊಡ್ಡ ಊರಿನಲ್ಲಿ ಕಣ್ಣೆತ್ತಿ ನೋಡುವವರಾರು? (ನನ್ನನ್ನೇ ನೋಡಿ. ಇಷ್ಟು ವರ್ಷ ಅಂಕಣ ಬರೆದು ನನಗೆ ಸಿಕ್ಕ ಏಕೈಕ ಎಂಡಾರ್ಸ್‌ಮೆಂಟ್ ಎಂದರೆ, ಹಿಂದೊಮ್ಮೆ ಇಲ್ಲಿ ಹೊಗಳಿದ್ದಕ್ಕೆ ಕೇಟರಿಂಗ್ ಚಂದ್ರಿಕಾ ಎಲೆಗೆ ಹೆಚ್ಚಿಗೆ ಹಾಕಿದ ಎರಡು ಒಬ್ಬಟ್ಟು.)

ಗುರು ಎದ್ದು ಹೋಗುವಾಗ ನನ್ನ ಕಣ್ಣು ಶೀಟ್‌ನ ಕೊನೆಯ ಕಾಲಂ ಮೇಲೆ ಬಿತ್ತು. "ಮನೆಯಿಂದ ಎಷ್ಟು ಮೈಲಿ" ಎಂದಿತ್ತು. ಅದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟಿದ್ದರು.

"ಎಂಡಾರ್ಸ್‌ಮೆಂಟ್‌ಗೂ ಇದಕ್ಕೂ ಏನ್ ಸಂಬಂಧ ಗುರು?"

"ಅದು... ಲಾಜಿಸ್ಟಿಕ್ಸ್," ಎಂದು ಲ್ಯಾಪ್‌ಟಾಪ್ ಮುಚ್ಚಿದರು.

ಶನಿವಾರ ಬೆಳಗ್ಗೆ ಗುರುವಿನ ಮಿನಿವ್ಯಾನಿನಲ್ಲಿ ಹೊರಟೆವು. ಮಗಳ ಜೊತೆ ಎದುರೆದುರು ಮಾತಾಡಿ ಒಪ್ಪಿಸುವುದು ಪ್ಲಾನ್. ಗಂಡ ಒಬ್ಬರೇ ಹೋದರೆ ಜಗಳವಾಗುತ್ತದೆ ಎಂದು ಶೈಲಾ, ಶೈಲಾ ಕರೆದಳೆಂದು ನಾನು, ನನ್ನನ್ನು ಬಿಟ್ಟು ಹೋಗುವುದುಂಟೇ ಎಂದು ನಮ್ಮತ್ತೆ. (ನಮ್ಮವರು ಬೇಸ್‌ಮೆಂಟ್ ಕ್ಲೀನ್ ಮಾಡ್ತೀನಿ ಅಂತ ಉಳಿದುಕೊಂಡರು. ಬೇಸ್‌ಮೆಂಟ್ ಇನ್ನೂ ಹಾಗೇ ಇದೆ.) ಆರು ಗಂಟೆ ದಾರಿ. ಚಿತ್ರಾನ್ನ ವರ್ಜೀನಿಯಾ ದಾಟುವುದರೊಳಗೆ ಖಾಲಿ.

ಮೇಘನಾ ನಮ್ಮನ್ನು ಬರಹೇಳಿದ್ದು ಹಾಸ್ಟೆಲ್‌ಗಲ್ಲ, ಊಟಕ್ಕೂ ಅಲ್ಲ. ಟೈರ್ ಅಂಗಡಿಗೆ.

ಊರಿನ ಒಂದೇ ಒಂದು ದೊಡ್ಡ ರಸ್ತೆಯ ಮೇಲೆ ಆ ಅಂಗಡಿ. ಹೊರಗೆ ಎತ್ತರದ ಬೋರ್ಡ್. ಅದರಲ್ಲಿ ನಮ್ಮ ಮೇಘನಾ ಒಂದು ಕೈಯಲ್ಲಿ ಬಾಲ್, ಇನ್ನೊಂದು ಕೈಯಲ್ಲಿ ಟೈರ್ ಹಿಡಿದು ನಿಂತಿದ್ದಾಳೆ! "ಅಯ್ಯೋ, ನಮ್ಮ ಮಗು!" ಎಂದು ಅತ್ತೆ ಸೀಟ್‌ಬೆಲ್ಟ್ ಸಮೇತ ಎದ್ದರು. ಗುರು ಗಾಡಿ ನಿಲ್ಲಿಸಿ ಸ್ಟೀರಿಂಗ್ ಹಿಡಿದುಕೊಂಡೇ ಬೋರ್ಡ್ ನೋಡುತ್ತಾ ಕೂತರು. ಅವರೂ ಅದನ್ನು ನೋಡುತ್ತಿದ್ದದ್ದು ಅದೇ ಮೊದಲು; ರಜೆ ಬಂದರೆ ಅವಳೇ ಮನೆಗೆ ಬರುತ್ತಿದ್ದಳು.

ಅಂಗಡಿಯ ಯಜಮಾನ ಡೇಲ್ ಎಪ್ಪತ್ತರ ಆಸುಪಾಸಿನ ಮನುಷ್ಯ. ಕೈಯ ಗ್ರೀಸ್ ಒರೆಸಿಕೊಂಡು ಬಂದು ಎಲ್ಲರ ಕೈ ಕುಲುಕಿದ. ಅವನಿಗೆ ಇವಳು ಮೇಘನಾ ಅಲ್ಲ, ಮೆಗ್. ಮೆಗ್‌ಳ ಗ್ರ್ಯಾಂಡ್‌ಮಾ ಎಂದುಕೊಂಡು ನಮ್ಮತ್ತೆಗೆ ಕುರ್ಚಿ ಹಾಕಿ, ಸ್ವೀಟ್ ಟೀ ಕೊಟ್ಟ. "ತಣ್ಣಗಿದೆ ಕಣೇ," ಎಂದು ನನ್ನ ಕಿವಿಯಲ್ಲಿ ಹೇಳಿ ಅತ್ತೆ ಲೋಟ ಖಾಲಿ ಮಾಡಿದರು.

ಗುರು ಮಾತು ಶುರು ಮಾಡಿದರು. ಮಾರ್ಕೆಟ್, ರೀಚ್, ಎಕ್ಸ್‌ಪೋಷರ್. ಮೇಘನಾ ಕೇಳುವಷ್ಟು ಕೇಳಿ ತನ್ನ ಫೋನಿನಲ್ಲಿ ಒಂದು ಫೋಟೋ ತೋರಿಸಿದಳು. ಕಳೆದ ವರ್ಷದ್ದು. ಮನೆಗೆ ಬಂದಾಗ ಮಂಡಿ ಆಪರೇಷನ್ ಆಗಿ ಅವಳು ಇಡೀ ಸೀಸನ್ ಒಂದೇ ಒಂದು ಆಟ ಆಡಿರಲಿಲ್ಲ. ಫೋಟೋದಲ್ಲಿ ಇದೇ ಬೋರ್ಡ್, ಇದೇ ಮೇಘನಾ. ಕೆಳಗೆ ಅಕ್ಷರಗಳನ್ನು ಒಂದೊಂದಾಗಿ ಜೋಡಿಸಿ ಇಂಗ್ಲಿಷಿನಲ್ಲಿ ಬರೆದಿದ್ದರು: "ಬೇಗ ಹುಷಾರಾಗು ಮೆಗ್." ಅದರ ಕೆಳಗೆ, "ಈ ವಾರ ಆಯಿಲ್ ಚೇಂಜ್ ಮೇಲೆ ರಿಯಾಯಿತಿ."

"ಐ ವಾಸಂಟ್ ಪ್ಲೇಯಿಂಗ್, ಅಪ್ಪ. ಡೇಲ್ ಬೋರ್ಡ್ ತೆಗೀಲಿಲ್ಲ. ಟೀಮ್ ಗರ್ಲ್ಸ್ ನನ್ನ ಶೂ ಕಟ್ಟಿದ್ರು, ಎವ್ರಿ ಡೇ. ಫೈನಲ್ ಇಯರ್ ಅವ್ರ ಜೊತೆ ಆಡ್ಬೇಕು ನಂಗೆ."

ಗುರು ಅಭ್ಯಾಸಬಲದಿಂದ ಲ್ಯಾಪ್‌ಟಾಪ್ ಬ್ಯಾಗಿಗೆ ಕೈ ಹಾಕಿದರು.

"ಆ ಶೀಟ್ ನಾನು ಓದ್ದೆ, ಅಪ್ಪ. ನೀವೇ ಕಳ್ಸಿದ್ರಲ್ಲ. ವೈ ಈಸ್ ದೇರ್ ಎ ಕಾಲಂ ಫಾರ್ ಮೈಲ್ಸ್ ಫ್ರಮ್ ಹೋಮ್?"

ಈ ಸಲ ಲಾಜಿಸ್ಟಿಕ್ಸ್ ಎನ್ನುವ ಮಾತು ಗುರುವಿನ ಬಾಯಿಂದ ಹೊರಡಲಿಲ್ಲ. ಗೋಡೆಗೆ ಒರಗಿಸಿದ್ದ ಟೈರ್‌ಗಳನ್ನು ನೋಡುತ್ತಾ ಹೇಳಿದರು: "ಸಂಜೆ ಹೊತ್ತು ಗ್ಯಾರೇಜ್ ಮುಂದೆ ನಿನ್ನ ಬಾಲ್ ಸದ್ದೇ ಇಲ್ಲ ಕಣಮ್ಮ. ಆಗ ಶಬ್ದ ಮಾಡ್ಬೇಡ ಅಂತ ಬೈತಿದ್ದೆ. ಈಗ ಮೀಟಿಂಗ್ ಮಧ್ಯದಲ್ಲೂ ಕಿವಿ ಆ ಕಡೇನೇ ಹೋಗತ್ತೆ. ಮೂರು ವರ್ಷ ಆಯ್ತು."

"ರೀ, ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ತು?" ಎಂದಳು ಶೈಲಾ. ಅವಳ ಕಣ್ಣು ತುಂಬಿತ್ತು. ನನ್ನದೂ.

ನಮ್ಮ ಗಂಡಸರಿಗೆ ಇದೊಂದು ಕಾಯಿಲೆ. ಮಗಳನ್ನು ನೋಡಬೇಕು ಅನಿಸುತ್ತಿದೆ ಎಂದು ನೇರವಾಗಿ ಹೇಳಲು ಬಾರದೆ, ಜನಸಂಖ್ಯೆ, ಟಿವಿ, ಶೂ ಕಂಪನಿ ಎಲ್ಲವನ್ನೂ ಸಾಕ್ಷಿಗೆ ಕರೆಯುತ್ತಾರೆ. ಮೇಘನಾ ಎದ್ದು ಬಂದು ಅಪ್ಪನನ್ನು ತಬ್ಬಿಕೊಂಡಳು. ಅವರಿಗಿಂತ ಎರಡು ಇಂಚು ಎತ್ತರ ಇದ್ದಾಳೆ ಹುಡುಗಿ. ಭಾಷೆ ಬಾರದ ಡೇಲ್‌ಗೆ ಏನರ್ಥವಾಯಿತೋ, ಸುಮ್ಮನೆ ಹೊರಗೆ ಹೋಗಿ ನಮ್ಮ ವ್ಯಾನಿನ ಟೈರ್‌ಗಳಿಗೆ ಗಾಳಿ ತುಂಬಿದ.

ಸೋಮವಾರ ಮೇಘನಾ ಡಿಸಿಯ ಕೋಚ್‌ಗೆ ಥ್ಯಾಂಕ್ಸ್ ಹೇಳಿ, ಇಲ್ಲೇ ಇರ್ತೀನಿ ಎಂದು ಬರೆದಳು. ಅವಳು ಕಳೆದುಕೊಂಡದ್ದು ಎಷ್ಟು ಎಂದು ಯಾರಿಗೂ ಗೊತ್ತಿಲ್ಲ. ಗುರುವಿನ ಲೆಕ್ಕವೇ ಸರಿ ಇದ್ದಿರಬಹುದು.

ಆದರೆ ಗುರು? ಆ ಶನಿವಾರವೇ ಡೇಲ್ ಹತ್ತಿರ ನಾಲ್ಕು ಹೊಸ ಟೈರ್ ಹಾಕಿಸಿದರು. ಮೆಗ್‌ಳ ಅಪ್ಪ ಎಂದು ಡೇಲ್ ಕೊಟ್ಟ ಕೊಸರು: ಟೈರ್ ಸವೆಯುವವರೆಗೂ ರೊಟೇಷನ್, ಅಂದರೆ ಮುಂದಿನ ಟೈರ್ ಹಿಂದಕ್ಕೆ ಹಿಂದಿನದು ಮುಂದಕ್ಕೆ ಬದಲಿಸುವುದು, ಫ್ರೀ. ಅಂದಿನಿಂದ ಎರಡು ತಿಂಗಳಿಗೊಮ್ಮೆ ಶನಿವಾರ ಬೆಳಗ್ಗೆ ಗಂಡ ಹೆಂಡತಿ ಟೈರ್ ರೊಟೇಷನ್‌ಗೆಂದು ಹೊರಡುತ್ತಾರೆ. ಜೊತೆಗೆ ಡಬ್ಬಿ ತುಂಬ ಕೋಡುಬಳೆ.

ಮೊನ್ನೆಯೂ ಹೊರಟಿದ್ದರು. ರಾಕ್‌ವಿಲ್‌ನಲ್ಲಿ ಟೈರ್ ಅಂಗಡೀನೇ ಇಲ್ವಾ ಗುರು ಎಂದು ಬೇಲಿಯ ಈಚೆಯಿಂದ ರೇಗಿಸಿದೆ.

"ಇದೆ. ಅಲ್ಲಿ ನನ್ ಮಗಳ ಫೋಟೋ ಇಲ್ವಲ್ಲ!"

ಈಗ ನೀವೇ ಹೇಳಿ, ಆರು ಗಂಟೆ ದೂರದಿಂದ ಗಿರಾಕಿ ಹುಡುಕಿಕೊಂಡು ಬರುವ ಮಾರ್ಕೆಟ್ಟನ್ನು ಸಣ್ಣದು ಎಂದವರಾರು?